ಬಿಸಿ ಸಾಲದು

“ಸಾರಿ ಅನ್ನೋ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು. ಬಂದ್ರೆ ತಪ್ಪು ಒಪ್ಕೊಂಡ ಹಾಗೆ. ‘ನಿಮಗೆ ಹೀಗಾಗಿದ್ದು ಬೇಜಾರಾಯ್ತು’ ಅನ್ನಿ, ಸಾಕು,” ಎಂದ ಆಸ್ಪತ್ರೆಯ ಮ್ಯಾನೇಜರ್.

ಅವನು ತಲೆಯಾಡಿಸಿದ. ಹನ್ನೊಂದು ವರ್ಷ ಫಿಸಿಯೋಥೆರಪಿಸ್ಟ್ ಆಗಿ ಕಂಡವರಿಗೆಲ್ಲ ನಡೆಯುವುದನ್ನು ಕಲಿಸಿದವನಿಗೆ ಈಗ ಮಾತಾಡುವುದನ್ನು ಕಲಿಸುತ್ತಿದ್ದರು.

ನಡೆದದ್ದು ಇಷ್ಟೇ. ನಿವೃತ್ತ ಗಣಿತದ ಟೀಚರಮ್ಮನಿಗೆ ಸಕ್ಕರೆ ಕಾಯಿಲೆ; ಅದರಿಂದ ಕಾಲಿನ ಸ್ಪರ್ಶವೇ ಸತ್ತುಹೋಗಬಹುದು. ಅಂಥವರ ಕಾಲಿಗೆ ಬಿಸಿ ಪ್ಯಾಕು ಇಡುವ ಮೊದಲು, ಕಣ್ಣು ಮುಚ್ಚಿಸಿ, ಬಿಸಿನೀರಿನದೊಂದು ತಣ್ಣೀರಿನದೊಂದು ಗಾಜಿನ ನಳಿಕೆ ಮುಟ್ಟಿಸಿ, ಯಾವುದು ಯಾವುದೆಂದು ಕೇಳಬೇಕು. ಅವನು ಕೇಳಲಿಲ್ಲ. ಹಿಂದಿನ ವರ್ಷದ ಹಾಳೆ ನೋಡಿ ‘ಸ್ಪರ್ಶ ಸರಿಯಿದೆ’ ಎಂದು ಗುರುತು ಹಾಕಿದ.

“ಬಿಸೀನೇ ಇಲ್ವಲ್ಲ ಡಾಕ್ಟ್ರೇ?” ಎಂದಿದ್ದರು ಆಕೆ. ಅವನು ನಕ್ಕು ಪ್ಯಾಕಿನ ಕೆಳಗಿನ ಟವೆಲಿನ ಒಂದು ಪದರ ತೆಗೆದಿದ್ದ. ಆ ಮಾತಿಗೇ ಎದೆ ಝಲ್ಲೆನ್ನಬೇಕಿತ್ತು. ಮೀನಖಂಡದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಾಗಲೂ ಆಕೆ ಹಾಯಾಗಿ ಮಲಗಿಯೇ ಇದ್ದರು.

ಹನ್ನೆರಡಕ್ಕೆ ಟೀಚರಮ್ಮ ಮ್ಯಾನೇಜರನ ಕೋಣೆಗೆ ಬಂದರು. ಕಾಲಿಗೆ ಬ್ಯಾಂಡೇಜು, ಕೈಯಲ್ಲಿ ಕೋಲು.

“ಏನ್ರೀ, ಮುಖ ಬಾಡಿದೆ. ತಿಂಡಿ ತಿಂದಿಲ್ವಾ?”

“ನಿಮಗೆ ಹೀಗಾಗಿದ್ದು ಬೇಜಾರಾಯ್ತು,” ಎಂದ. ಪಾಠ ಒಪ್ಪಿಸಿದ ಹಾಗಿತ್ತು.

“ಅಯ್ಯೋ, ನಿಮ್ದೇನು ತಪ್ಪು? ಇನ್ನೂ ಬಿಸಿ ಬೇಕು ಅಂತ ಕುಣಿದೋಳು ನಾನು. ಮಗಳು ಕೂಗಾಡ್ತಿದ್ಲು. ಆ ಹುಡುಗನ್ನ ಏನೂ ಅನ್ಬೇಡ ಅಂದೆ.”

ಮ್ಯಾನೇಜರನ ಪೆನ್ನು ಚುರುಕಾಯಿತು. ಆಕೆ ಹೇಳಿದ್ದನ್ನೇ ಬರೆದು ಮುಂದೆ ಚಾಚಿದ. “ಇಲ್ಲೊಂದು ಸಹಿ.”

“ಕನ್ನಡಕ ತಂದಿಲ್ಲ. ಎಲ್ಲಾ ಸರಿಯಾಗಿದ್ಯಾ ಡಾಕ್ಟ್ರೇ? ನೀವೇ ನೋಡಿ ಹೇಳಿ.”

ಹೇಳುವುದಾದರೆ ಈಗಲೇ ಹೇಳಬೇಕಿತ್ತು. ಪರೀಕ್ಷೆ ಮಾಡಲಿಲ್ಲ, ತಪ್ಪು ನನ್ನದು. ನಾಚಿಕೆಯಿಂದ ಕಿವಿ ಕೆಂಪಗಾದವು. ಕೆಲಸ ಹೋದರೆ ಎಂಬ ಯೋಚನೆಯೂ ಅದರ ಹಿಂದೆಯೇ ಬಂತು.

“ಸರಿಯಾಗಿದೆ,” ಎಂದ.

ಆಕೆ ಸಹಿ ಹಾಕಿ, ಅವನ ಬೆನ್ನು ತಟ್ಟಿ, “ಬರ್ತೀನಪ್ಪ” ಎಂದು ಎದ್ದರು. ತನ್ನ ಮೇಲೆಯೇ ಹೇಸಿಗೆಪಡುತ್ತ ಅವನು ಬಾಗಿಲ ತನಕ ಹೋಗಿ ನಿಂತ.

ಉದ್ದನೆಯ ಕಾರಿಡಾರಿನಲ್ಲಿ ಆಕೆ ಕೋಲೂರುತ್ತ ನಡೆದರು. ನಡುವೆ ಎಡಗಾಲಿನ ಚಪ್ಪಲಿ ಕಳಚಿ ನೆಲದಲ್ಲೇ ಉಳಿಯಿತು. ಆಕೆಗೆ ಗೊತ್ತಾಗಲಿಲ್ಲ. ಹೊರಗೆ ಮಧ್ಯಾಹ್ನದ ಬಿಸಿಲಿಗೆ ಕಲ್ಲಿನ ಮೆಟ್ಟಿಲುಗಳು ಕಾದು ಬೆಳ್ಳಗೆ ಹೊಳೆಯುತ್ತಿದ್ದವು. ಕರೆಯಲೆಂದು ಅವನು ಬಾಯಿ ತೆರೆದ.

ಬರಿಗಾಲು ಮೊದಲ ಮೆಟ್ಟಿಲನ್ನು ಮುಟ್ಟಿತು. ಆಕೆ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಅಲ್ಲೇ ನಿಂತು, ನಿಧಾನವಾಗಿ ಸೆರಗು ಸರಿಮಾಡಿಕೊಂಡರು.