ಯುದ್ಧಭೂಮಿಗೆ ಹತ್ತಿರದ ದಾರಿ

ಅಣ್ಣ ವಿರೂಪಣ್ಣ ತೀರಿಕೊಂಡು ಹನ್ನೊಂದು ದಿನವಾಗಿತ್ತು. ನನಗೆ ಅಳು ಬಂದಿರಲಿಲ್ಲ. ಬರಬೇಕಿತ್ತು, ಬರಲಿಲ್ಲ, ಅಷ್ಟೆ. ಊಟ ಕೊಟ್ಟರೆ ಉಣ್ಣುತ್ತಿದ್ದೆ, ಎಬ್ಬಿಸಿದರೆ ಏಳುತ್ತಿದ್ದೆ. ಅಂಥ ಹೊತ್ತಿನಲ್ಲಿ ರಾಯಚೂರಿನ ಕಾಲೇಜೊಂದರಿಂದ ಹುಮೇರಾ ಮೇಡಂ ಫೋನು ಮಾಡಿದರು.

"ಪಂಪಾಪತಿಯವರೇನ್ರಿ? ನಲವತ್ತು ಮಕ್ಕಳನ್ನ ಕರಕೊಂಡು ನಿಮ್ಮ ಗೂಗಲ್ ಊರಿಗೆ ಬರಬೇಕಂತ ಮಾಡೀನಿ. ರಾಯಚೂರು ಕೋಟಿ ನೋಡಿದ್ದಾತು. ಆ ಕೋಟಿ ಸಲುವಾಗಿ ನಡೆದ ಯುದ್ಧದಾಗ ಸೋತವರು ಹೊಳಿಗೆ ಓಡಿ ಬಂದ ಜಾಗಾ ನಿಮಗ ಗೊತ್ತದ ಅಂದ್ರು."

ಗೊತ್ತು ಅಂತೇನಿಲ್ಲ. ಐನೂರು ವರ್ಷದ ಹಿಂದೆ ಸೋತ ಸೈನ್ಯ ಇಲ್ಲೇ ಕೃಷ್ಣೆಗೆ ಬಿತ್ತೆಂದು ನಮ್ಮಜ್ಜ ಹೇಳುತ್ತಿದ್ದ. ಬಂದವರಿಗೆ ನಾನೂ ಕೈ ತೋರಿಸಿ ಅದನ್ನೇ ಹೇಳುತ್ತೇನೆ. ಸುಳ್ಳೋ ನಿಜವೋ, ಆ ಸತ್ತವರೇ ಎದ್ದು ಬಂದು ಹೇಳಬೇಕು.

ಮೇಡಂ ಎಲ್ಲ ಕೇಳಿ ಬರೆದುಕೊಂಡರು. ಬಸ್ಸು ಎಲ್ಲಿ ತಿರುಗುತ್ತದೆ? ಗುಡಿಯ ಮುಂದೆ. ಬುತ್ತಿ ಎಲ್ಲಿ ಬಿಚ್ಚುವುದು? ಬೇವಿನ ಮರದ ಕೆಳಗೆ. ಅಲ್ಲಿಂದ ಹೊಳೆಗೆ?

"ನನ್ನ ಹೊಲ ದಾಟಿದ್ರ ಅಣ್ಣನ ಹೊಲ, ಅದರಾಚಿ ಹೊಳಿ. ಆದ್ರ ನಡುವ ಬೇಲಿ ಅದರಿ. ಸುತ್ತು ಹಾಕಿದ್ರ ಎರಡು ಕಿಲೋಮೀಟರ್."

"ಬೇಲಿ ಯಾರು ಹಾಕ್ಯಾರ್ರಿ?"

"ನಾನ."

"ಹಂಗಾದ್ರ ಸಲೀಸಾತು ಬಿಡ್ರಿ!" ಎಂದು ನಕ್ಕರು.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು. ಮೊಳದಗಲ ಬದುವಿಗೆ ಜಗಳವಾಡಿ, ಅಜ್ಜನ ಕಾಲದ ಕಾಲುದಾರಿಗೆ ಅಡ್ಡ ನಾನೇ ಜಾಲಿಮುಳ್ಳು ಒಟ್ಟಿದ್ದೆ. ಎಂಟು ವರ್ಷ. ಅವನೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ. ಥೂ, ಇಬ್ಬರದೂ ಒಂದೇ ರಕ್ತ.

ಆಚೆಯ ಹೊಲ ಈಗ ಅತ್ತಿಗೆ ಬಸವಂತಮ್ಮನದು. ಮಕ್ಕಳು ನಡೆದುಹೋಗಲು ಅವಳು ಹೂಂ ಅನ್ನಬೇಕು. ಎಂಟು ವರ್ಷ ಮಾತಾಡದವನು ಹೋಗಿ ಅವಳ ಅಂಗಳದಲ್ಲಿ ನಿಂತೆ. ತೊಗರಿ ಕೇರುತ್ತಿದ್ದಳು. ವಿಷಯ ಹೇಳಿದೆ.

"ಬರ್ಲಿ. ಕಲಿಯೋ ಮಕ್ಕಳು, ಪಾಪ, ಬಿಸಿಲಾಗ ಯಾಕ ಸುತ್ತಬೇಕು?" ಎಂದಳು. ಮೊರ ಕೆಳಗಿಟ್ಟಳು. "ನಿಮ್ಮಣ್ಣನ್ನ ಹೊಲಕ್ಕ ಮಣ್ಣಿಗೆ ಒಯ್ಯುವಾಗ ಆ ಸುತ್ತುದಾರ್ಯಾಗ ಮಂದಿ ನಾಕು ಸಲ ಹೆಗಲು ಬದಲಿ ಮಾಡಿದ್ರು. ನೀ ಹಿಂದ ಬರಾಕತ್ತಿದ್ದಿ. ನಾ ನೋಡಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವತ್ತು ಯಾರಾದರೂ ಒಬ್ಬರು ಬೇಲಿ ತೆಗಿ ಅನ್ನಲಿ ಎಂದು ನಾನು ಕಾದಿದ್ದೆ, ಅಂದಿದ್ದರೆ ತೆಗೆಯುತ್ತಿದ್ದೆ. ನನ್ನಂಥ ಮೂಳನಿಗೆ ಹೆಣವೇ ಎದ್ದು ಕೇಳಬೇಕಿತ್ತೇನೋ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದವನು "ಬರ್ತೀನಿ ಅತ್ತಿಗಿ" ಅಂದು ಬಂದುಬಿಟ್ಟೆ.

ಕೊಡಲಿ ತೆಗೆದುಕೊಂಡು ನೇರ ಹೊಲಕ್ಕೆ ಹೋದೆ. ಮುಳ್ಳು ಅಂಗೈಗೆ ಹೊಕ್ಕಿತು, ರಕ್ತ ಬಂತು, ನೋವು ಗೊತ್ತಾಗಲಿಲ್ಲ. ಕಡಿದು ಎಳೆದು ಬದಿಗೆ ಹಾಕಿದೆ. ತೊಗರಿ ಕೊಯ್ದ ಹೊಲದಾಚೆ ಅಣ್ಣನನ್ನು ಹೂಳಿದ ಮಣ್ಣಿನ ಗುಡ್ಡೆ ಕಾಣಿಸಿತು. ಎಣಿಸಿದರೆ ಇನ್ನೂರು ಹೆಜ್ಜೆಯೂ ಇರಲಿಲ್ಲ.

ಅಲ್ಲಿಂದಲೇ ಫೋನು ಹಚ್ಚಿದೆ. "ಮೇಡಂ, ಬೇಲಿ ತೆಗದೀನ್ರಿ."

"ಅಯ್ಯ, ಇಷ್ಟು ಲಗೂನ? ಭಾಳ ತ್ರಾಸಾತೇನ್ರಿ?"

"ಇಲ್ರಿ," ಅಂದೆ. "ಅರ್ಧ ತಾಸು ಹಿಡೀತು."

ಹೇಳಿದ ಮೇಲೆ ನನಗೇ ಕೇಳಿಸಿತು. ಅರ್ಧ ತಾಸು. ಮೇಡಂ ಹಲೋ, ಹಲೋ ಅನ್ನುತ್ತಲೇ ಇದ್ದರು.