ಪರ್ವಾಗಿಲ್ಲ ಬಿಡಿ

‘ಬಿಡು’ ಸೇರಿಸದೆ ಮಧುಸೂದನನ ಯಾವ ಮಾತೂ ಮುಗಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಸಾಲದಿದ್ದರೆ ಪರ್ವಾಗಿಲ್ಲ ಬಿಡು, ಕಾರಿಗೆ ಗೀರು ಬಿದ್ದರೆ ಹೋಗ್ಲಿ ಬಿಡು, ಮೈಸೂರಿನಿಂದ ಅವನಮ್ಮ ಫೋನಿನಲ್ಲಿ ಗೋಳಾಡಿದರೆ ಆಯ್ತು ಬಿಡಮ್ಮ. ಒಮ್ಮೆ ಊಟಕ್ಕೆ ಕೂತಾಗ ಮಗಳು ಶ್ರಾವಣಿ ಬೆರಳು ಮಡಚಿ ಎಣಿಸಿ, “ಟ್ವೆಂಟಿ ತ್ರೀ ಟೈಮ್ಸ್, ಅಪ್ಪಾ!” ಎಂದು ಕೂಗಿದ್ದಳು.

“ನಾನೆಲ್ಲೇ ಅಂದೆ? ಸುಮ್ನೆ ಊಟ ಮಾಡು ಬಿಡು,” ಎಂದಿದ್ದ ಮಧುಸೂದನ.

ಅಲ್ಲಿಗೆ ಇಪ್ಪತ್ನಾಲ್ಕು. ಅವನ ಹೆಂಡತಿ ಪಾವನಾ ಅವತ್ತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಗಂಡ ಸುಳ್ಳು ಹೇಳುವವನಲ್ಲ. ತಾನು ಆಡಿದ ಆ ಒಂದು ಪದ ಮಾತ್ರ ಅವನ ಕಿವಿಗೇ ಬೀಳುತ್ತಿರಲಿಲ್ಲ. ಅದಕ್ಕೆ ನಗುವುದನ್ನು ಅವಳು ಫೆಬ್ರವರಿಯಿಂದ ಈಚೆಗೆ ನಿಲ್ಲಿಸಿದ್ದಳು.

ಫೆಬ್ರವರಿಯಲ್ಲಿ, ಕುವೈತಿನ ಅಹ್ಮದಿಯ ಆಚೆ ಮಧುಸೂದನ ಇಂಜಿನಿಯರ್ ಆಗಿರುವ ಕಂಪನಿಯ ಯಾರ್ಡಿನಲ್ಲಿ, ಚೈನಿಗೆ ತೂಗುಹಾಕಿದ್ದ ಪೈಪು ಬಿದ್ದು ಲ್ಯಾನ್ಸಿ ಎಂಬ ಫಿಟ್ಟರ್‌ನ ಎರಡೂ ಕಾಲು ಜಜ್ಜಿಹೋಗಿತ್ತು. ಚೈನು ಹಿಡಿದಿದ್ದವನು ಪಡುಬಿದ್ರೆಯ ಧನರಾಜ್, ಭಾರ ಎತ್ತಿ ಇಳಿಸುವುದರಲ್ಲೇ ಇಪ್ಪತ್ತು ವರ್ಷ ಸವೆಸಿದ ಮನುಷ್ಯ. ವಾಕಿಟಾಕಿಯಲ್ಲಿ ಇಂಜಿನಿಯರ್ ಸಾರ್ ‘ಬಿಡಿ’ ಅಂದರು, ಬಿಟ್ಟೆ ಎಂದು ಅವನು ಹೇಳಿದ. ಅಂಥ ಆಜ್ಞೆಯನ್ನು ತಾನು ಕೊಟ್ಟೇ ಇಲ್ಲ ಎಂದ ಮಧುಸೂದನ, ಇಂಗ್ಲಿಷಿನಲ್ಲಿ, ಪೂರ್ತಿ ಪ್ರಾಮಾಣಿಕವಾಗಿ. ವಿಚಾರಣೆಗೆ ಕೂತ ಮೂವರಿಗೆ ಕನ್ನಡದ ಗಂಧಗಾಳಿಯೂ ಇರಲಿಲ್ಲ. ತಪ್ಪೆಲ್ಲ ಧನರಾಜನ ತಲೆಗೆ ಕಟ್ಟಿದರು. ಆಗಸ್ಟ್ ಕೊನೆಗೆ ಅವನ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಮುಗಿಯುತ್ತದೆ, ಮತ್ತೆ ಮಾಡಿಸುವುದಿಲ್ಲ ಎಂದರು.

“ನಿಜವಾಗ್ಲೂ ನೀವು ಅನ್ಲಿಲ್ವಾ?” ಎಂದು ಪಾವನಾ ಕೇಳಿದ್ದಳು.

“ಇಲ್ಲ ಕಣೆ. ಯಾರೋ ಗ್ಯಾಸ್ಕೆಟ್ ಇನ್ನೂ ಬಂದಿಲ್ಲ ಅಂದ್ರು, ಪರ್ವಾಗಿಲ್ಲ ಅಂದೆ. ಅಷ್ಟೇ ಬಿಡು.”

ಅವಳಿಗೆ ಎಲ್ಲ ತಿಳಿದುಹೋಯಿತು, ಆದರೂ ಬಾಯಿ ಬಿಡಲಿಲ್ಲ. ಗಂಡನ ಕೆಲಸ ಹೋದರೆ ಮಗಳ ಸ್ಕೂಲು, ಮೈದಾನ್ ಹವಲ್ಲಿಯ ಫ್ಲಾಟು, ಎಲ್ಲವೂ ಹೋಗುತ್ತದೆ ಎಂಬ ಹೆದರಿಕೆ. ಆ ಹೆದರಿಕೆಗೆ ಕರುಣೆಯ ವೇಷ ಹಾಕಿ, ಶುಕ್ರವಾರ ಶುಕ್ರವಾರ ಲ್ಯಾನ್ಸಿಗೆ ಆಸ್ಪತ್ರೆಗೆ ಅನ್ನ, ಸಾರು ಒಯ್ದು ಕೊಟ್ಟಳು.

ಆಗಸ್ಟಿನಲ್ಲಿ ಲ್ಯಾನ್ಸಿಯ ಸಹಾಯಾರ್ಥ ಅಲ್ಲಿನ ಕನ್ನಡಿಗರೆಲ್ಲ ಸೇರಿ ಒಂದು ಸ್ಪರ್ಧೆ ಇಟ್ಟರು. ಒಂದು ಕೋಲ್ಡ್ ಸ್ಟೋರೇಜಿನೊಳಗೆ ಮಂಜುಗಡ್ಡೆಯ ಗೋಡೆ ಹತ್ತುವುದು! ಹೊರಗೆ ನಲವತ್ತೆಂಟು ಡಿಗ್ರಿ ಬಿಸಿಲು, ಒಳಗೆ ಸ್ವೆಟರು ಹಾಕಿಕೊಂಡು ಹಲ್ಲು ಕಟಕಟಿಸುವುದು. ಇಂಥ ಹುಚ್ಚಾಟಕ್ಕೆ ಕುವೈತೇ ಸರಿ. ಒಬ್ಬ ಹತ್ತಬೇಕು, ಕೆಳಗೆ ನಿಂತು ಇನ್ನೊಬ್ಬ ಅವನ ಹಗ್ಗ ಹಿಡಿಯಬೇಕು. ಮಧುಸೂದನ ಹೆಸರು ಕೊಟ್ಟ ಮರುದಿನವೇ ಧನರಾಜ್ ಫೋನ್ ಮಾಡಿದ.

“ಊರಿಗೆ ಹೋಗುವ ಮೊದಲು ಒಂದು ಸಲ ನಿಮ್ಮ ಹಗ್ಗ ನಾನೇ ಹಿಡೀತೇನೆ ಸಾರ್.”

“ಪಾಪ, ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ ನೋಡು,” ಎಂದು ಮಧುಸೂದನ ಹಿಗ್ಗಿದ.

ಸ್ಪರ್ಧೆಯ ದಿನ ಬೆಳಿಗ್ಗೆಯೇ ದೂಳು ಎದ್ದಿತ್ತು. ಹತ್ತು ಗಂಟೆಗೇ ಕಾರುಗಳೆಲ್ಲ ದೀಪ ಹಾಕಿಕೊಂಡು ಓಡುತ್ತಿದ್ದವು. ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಎದುರಿಗೆ ನಾಲ್ಕು ಮಹಡಿ ಎತ್ತರದ ಮಂಜಿನ ಗೋಡೆ. ಮುಂದಿನ ಸಾಲಿನಲ್ಲಿ ಲ್ಯಾನ್ಸಿ ಗಾಲಿಕುರ್ಚಿಯಲ್ಲಿ, ತೊಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಗೋಡೆಯ ಬುಡದಲ್ಲಿ ನಿಂತ ಧನರಾಜನ ಕೈಯಲ್ಲಿ ಯಾರ್ಡಿನ ಹಳೆಯ ಚರ್ಮದ ಗ್ಲೌಸು. ಪೈಪು ಬಿದ್ದ ದಿನವೂ ಹಾಕಿಕೊಂಡಿದ್ದದ್ದು ಅದೇ ಇರಬೇಕು ಎಂದು ಪಾವನಾಗೆ ಅನ್ನಿಸಿತು.

ತರಬೇತುದಾರ ಗಂಟುಗಳನ್ನು ಎಳೆದು ನೋಡಿ, ಹಗ್ಗ ಕಚ್ಚಿ ಹಿಡಿಯುವ ಸಾಧನ ತೋರಿಸಿದ. ಅದರ ಹಿಡಿಯನ್ನು ಸ್ವಲ್ಪ ಎತ್ತಿದರೆ ಹಗ್ಗ ಮೆಲ್ಲಗೆ ಜಾರುತ್ತದೆ. ಪೂರ್ತಿ ಎತ್ತಿದರೆ ಏನಾಗುತ್ತದೆ ಎಂಬುದನ್ನು ಅಂಗೈಯಿಂದ ಅಂಗೈಗೆ ಚಟ್ಟನೆ ಬಡಿದು ತೋರಿಸಿ, ಪಕ್ಕದ ಜೋಡಿಯ ಕಡೆ ಹೋದ.

“ಇಳಿಸುವುದಕ್ಕೆ ನಮ್ಮಲ್ಲಿ ಒಂದೇ ಮಾತು ಉಂಟು ಸಾರ್, ಬಿಡಿ,” ಎಂದ ಧನರಾಜ್. “ನೀವು ಅಂದ ಕೂಡ್ಲೆ ಬಿಡ್ತೇನೆ. ಎರಡನೇ ಸಲ ಕೇಳುವ ಅಭ್ಯಾಸ ನನಗಿಲ್ಲ. ನಿಮಗೆ ಗೊತ್ತುಂಟಲ್ಲ?”

“ಗೊತ್ತು ಬಿಡಿ,” ಎಂದ ಮಧುಸೂದನ.

ಧನರಾಜನ ಹೆಬ್ಬೆರಳು ಹಿಡಿಯ ಮೇಲೆ ಒಂದಿಷ್ಟು ಅಲುಗಿತು. ಪಾವನಾ ಅದನ್ನು ಕಂಡವಳೇ ಗಂಡನ ತೋಳು ಹಿಡಿದು ಪಕ್ಕಕ್ಕೆಳೆದಳು.

“ಹತ್ಬೇಡಿ. ಹೊಟ್ಟೆ ನೋವು ಅಂದ್ಬಿಡಿ.”

“ಲ್ಯಾನ್ಸಿ ಎದುರಿಗೇ ಕೂತಿದಾನೆ, ಏನಂದ್ಕೊಳಲ್ಲ? ಏನೂ ಆಗಲ್ಲ ಬಿಡು.”

“ಆ ಮಾತು ಆಡ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ, ಮೇಲೆ ಹೋದ್ಮೇಲೆ ಬಾಯೇ ತೆಗೀಬೇಡಿ.”

“ಯಾವ ಮಾತೇ?” ಎಂದ ಅವನು. ಅಷ್ಟರಲ್ಲಿ ಸೀಟಿ ಊದಿದರು.

ಮಧುಸೂದನ ಎರಡು ಕೈಯಲ್ಲೂ ಹಿಮಗೊಡಲಿ ಹಿಡಿದು ಕುಟ್ಟುತ್ತ ಹತ್ತಿದ. ಮಂಜಿನ ಚೂರುಗಳು ಧನರಾಜನ ಹೆಗಲ ಮೇಲೆ ಸುರಿದವು, ಅವನು ಕೊಡವಿಕೊಳ್ಳಲಿಲ್ಲ. ಶ್ರಾವಣಿ ಅಮ್ಮನ ಕೈ ಹಿಡಿದು ಕುಣಿಯುತ್ತಿದ್ದಳು. ಪಾವನಾ ಗಂಡನನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಆ ಹೆಬ್ಬೆರಳ ಮೇಲೇ ಇತ್ತು.

ಮೂರನೇ ಮಹಡಿಯಷ್ಟು ಎತ್ತರದಲ್ಲಿ ಅವನ ಕಾಲು ಜಾರಿತು. ಒಂದು ಕೊಡಲಿ ಕಿತ್ತುಬಂತು. ಜನ ಹೋ ಎಂದರು.

“ಸಾರ್, ಆಗ್ತದಾ?” ಎಂದು ಕೆಳಗಿನಿಂದ ಯಾರೋ ಕೂಗಿದರು.

ಬೇಡ ದೇವರೇ ಎಂದುಕೊಂಡಳು ಪಾವನಾ.

“ಪರ್ವಾಗಿಲ್ಲ ಬಿಡಿ!” ಎಂದು ಮೇಲಿನಿಂದ ದನಿ ಬಂತು.

ಹಗ್ಗ ಸರ್ರನೆ ಜಾರಿತು. ಮಧುಸೂದನ ಗೋಡೆಯಿಂದ ಕಳಚಿಕೊಂಡು ಒಂದು ಮಾರಷ್ಟು ಕೆಳಗೆ ಬಂದು, ಜಗ್ಗಿ ನಿಂತು, ಗಿರಗಿರ ತಿರುಗಿದ. ಶ್ರಾವಣಿ ಕಿರುಚಿದಳು. ಧನರಾಜ್ ಹಿಡಿಯಿಂದ ಬೆರಳು ತೆಗೆಯದೆ ತಲೆಯೆತ್ತಿದ. ತರಬೇತುದಾರ ಓಡಿಬಂದವನು ಆ ಮುಖ ನೋಡಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತ.

“ಬಿಡಿ ಅಂದ್ರಿ ಸಾರ್. ಪೂರ್ತಿ ಬಿಡ್ಲಾ?”

“ಅಯ್ಯೋ, ನಾನೆಲ್ರೀ ಬಿಡಿ ಅಂದೆ? ನಾನು ಅನ್ಲೇ ಇಲ್ಲ!”

ಅಲ್ಲಿ ಸೇರಿದ್ದವರೆಲ್ಲ ಕನ್ನಡದವರೇ. ಅವನು ಅಂದದ್ದನ್ನು ಒಬ್ಬೊಬ್ಬರೂ ಕೇಳಿದ್ದರು. ಲ್ಯಾನ್ಸಿಯ ಕೈ ಗಾಲಿಯ ಮೇಲೆ ಬಿಗಿಯಿತು. ಧನರಾಜ್ ಈಗ ಮೇಲೆ ನೋಡುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಪಾವನಾಳನ್ನು. ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಎಷ್ಟು ದಿನದಿಂದ ಗೊತ್ತಿತ್ತೋ.

“ಅಂದ್ರಿ!” ಎಂದು ಅವಳು ಕೂಗಿದಳು. “ಈಗ್ಲೂ ಅಂದ್ರಿ, ಅವತ್ತೂ ಅಂದ್ರಿ. ನಿಮ್ಮ ಕಿವಿಗೆ ಬೀಳಲ್ಲ ಅಷ್ಟೇ. ಧನರಾಜ್ ಅವ್ರದ್ದು ತಪ್ಪಿಲ್ಲ. ನಂಗೆ ಗೊತ್ತಿತ್ತು!”

ಧನರಾಜ್ ಒಮ್ಮೆ ಕಣ್ಣು ಮುಚ್ಚಿ ತೆರೆದ. ಆಮೇಲೆ ನಿದ್ದೆ ಹೋದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮಧುಸೂದನನನ್ನು ನೆಲಕ್ಕೆ ಇಳಿಸಿದ. ಗ್ಲೌಸು ಕಳಚಿ ಅವನ ಪಕ್ಕದಲ್ಲಿಟ್ಟು, ಯಾರ ಕಡೆಗೂ ನೋಡದೆ, ದಪ್ಪ ಬಾಗಿಲು ತಳ್ಳಿಕೊಂಡು ದೂಳಿಗೆ ನಡೆದುಹೋದ.

ಮಧುಸೂದನ ಕುಂಟುತ್ತ ಲ್ಯಾನ್ಸಿಯ ಎದುರಿಗೆ ಬಂದು ನಿಂತ. “ಲ್ಯಾನ್ಸಿ, ಅದು…” ಎಂದು ಶುರು ಮಾಡಿದ. ಆ ಪದ ನಾಲಿಗೆಯ ತುದಿಗೆ ಬಂದದ್ದು ಅವನಿಗೆ ಮೊದಲ ಸಲ ಗೊತ್ತಾಯಿತೇನೋ, ಕೈಯಿಂದ ಬಾಯಿ ಮುಚ್ಚಿಕೊಂಡ.

ಲ್ಯಾನ್ಸಿ ಅವನನ್ನು ದಾಟಿ ಪಾವನಾಳ ಕಡೆ ನೋಡಿದ.

“ನೀವು ಊಟ ತರ್ತಾ ಇದ್ರಲ್ಲ ಅಕ್ಕ, ಆವಾಗ್ಲೂ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು,” ಎಂದಳು ಪಾವನಾ.

ಅಷ್ಟು ಹೊತ್ತೂ ಬಿಗಿಯಾಗಿ ಹಿಡಿದಿದ್ದ ಅಮ್ಮನ ಕೈಯನ್ನು ಶ್ರಾವಣಿ ಮೆಲ್ಲಗೆ ಬಿಟ್ಟಳು.