ಬಾವಿ ದಂಡೆಯ ಚಪ್ಪಲಿ

ಮುಂಬಯಿಯಲ್ಲಿ ನನ್ನ ಕೆಲಸ ಕಂಪ್ಯೂಟರಿನ ಒಳಹೊಟ್ಟೆಯದು. ಒಂದು ಫೈಲನ್ನು ಯಾರು ತೆರೆದರೂ ಅದರ ಮೇಲೊಂದು ಗುರುತು ಬೀಳಬೇಕು, ಬಿಟ್ಟಾಗ ಗುರುತು ಅಳಿಯಬೇಕು. ಗುರುತೇ ಉಳಿಯದಿದ್ದರೆ ಯಂತ್ರ ಹಿಂದೆಮುಂದೆ ನೋಡದೆ ಫೈಲನ್ನು ಅಳಿಸಿಹಾಕುತ್ತದೆ. ಒಂದೇ ಗುರುತಿನಲ್ಲಿ ಇಬ್ಬರು ನುಸುಳಿದರೆ, ಒಬ್ಬ ಹೊರಟ ಕೂಡಲೇ ಒಳಗಿದ್ದವನ ಕತೆ ಮುಗಿಯಿತು. 1978ರ ಬೇಸಿಗೆಯಲ್ಲಿ ಬಬಲೇಶ್ವರಕ್ಕೆ ಬಂದಾಗ ಇದನ್ನು ಅವ್ವನಿಗೆ ವಿವರಿಸಿದೆ.

"ಇಷ್ಟಽ ಏನ ಬೇ? ಇದು ಮಲಂಗಸಾಬನ ಚಪ್ಪಲಿ ಪದ್ಧತಿ ಆತಲ್ಲ!" ಎಂದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಅಪ್ಪನ ಹೊಸ ಬಾವಿಯಲ್ಲಿ ಬಂಡೆ ಬಂದಿತ್ತು. ಅದನ್ನು ಮದ್ದಿಟ್ಟು ಸಿಡಿಸುವ ಮಲಂಗಸಾಬನಿಗೆ ಆ ಸದ್ದಿಗೇ ಕಿವಿ ಹೋಗಿದ್ದವು. ಹಾಗಾಗಿ ಬಾವಿಗಿಳಿಯುವವರೆಲ್ಲ ದಂಡೆಯ ಮೇಲೆ ಚಪ್ಪಲಿ ಬಿಡಬೇಕು, ಮೇಲೆ ಬಂದವರು ಮೆಟ್ಟಿಕೊಂಡು ದೂರ ಹೋಗಬೇಕು. ಅವನು ಕೂರುವ ಕಲ್ಲಿನ ಸಂದಿಯಿಂದ ಕಾಣುವುದು ದಂಡೆಯಷ್ಟೇ. ಅದು ಬರಿದಾದರೆ ಬ್ಯಾಟರಿಗೆ ಮದ್ದಿನ ತಂತಿ ಮುಟ್ಟಿಸುತ್ತಿದ್ದ.

ಮರುದಿನ ಬಿಸಿಲೇರುವ ಹೊತ್ತಿಗೆ ಹೊಲದ ದಾರಿಯಲ್ಲಿ ಕೂಲಿಯ ಬೋರವ್ವನ ಚಪ್ಪಲಿ ಕಿತ್ತುಹೋಯಿತು. "ನನ್ನವ ಮೆಟ್ಟಗೋ, ನೆಲಾ ಸುಡತೈತಿ," ಎಂದು ಗಂಡ ಸಿದ್ದರಾಯ ತನ್ನವನ್ನು ಕೊಟ್ಟ. ಆ ಒಂದೇ ಜೋಡು ದಂಡೆಯ ಮೇಲೆ ಬಿಟ್ಟು ಇಬ್ಬರೂ ಇಳಿದರು. ಅವರ ಪ್ರೀತಿ ನೋಡಿ ನನಗೆ ನಗು ಬಂತು.

ಮಧ್ಯಾಹ್ನ ಮದ್ದು ತುಂಬಿಯಾಯಿತು. ಆಳುಗಳು ಒಬ್ಬೊಬ್ಬರಾಗಿ ಮೇಲೆ ಬಂದರು. ಸಿದ್ದರಾಯ ಚಪ್ಪಲಿ ಮೆಟ್ಟಿಕೊಂಡು ನಾನು ನಿಂತಿದ್ದ ಬಂಡಿಯ ಹತ್ತಿರ ನೀರು ಕುಡಿಯಲು ಬಂದ.

"ಬೋರವ್ವ ಎಲ್ಲಿ?" ಎಂದೆ.

"ಮೊದಲಽ ಮ್ಯಾಲ ಬಂದಾಳಲ್ರಿ ಅಕ್ಕಾರ..." ಎಂದವನು ತನ್ನ ಕಾಲು ನೋಡಿಕೊಂಡ.

ದಂಡೆ ಬರಿದಾಗಿತ್ತು.

"ಯಪ್ಪಾ, ನಿಲ್ಲಸ್ರಿ! ಒಳಗ ಬೋರವ್ವ ಅದಾಳ!" ಎಂದು ಚೀರಿದೆ. ಕಿವಿ ಹೋದವನಿಗೆ ಕೇಳುವುದೆಲ್ಲಿ? ಮಲಂಗಸಾಬ ದೂರ, ಬಾವಿ ಹತ್ತಿರ. ಮದ್ದು ತುಂಬಿದ ಆ ಬಾವಿಯ ಕಡೆಗೇ ಓಡಿದೆ. ಈಗ ಸಿಡಿಯುತ್ತದೆ, ನಾನೂ ಸಾಯುತ್ತೇನೆ ಅನ್ನಿಸಿತು. ನನ್ನ ಚಪ್ಪಲಿ ಕಿತ್ತು ದಂಡೆಯ ಮೇಲೆ ಎಸೆದೆ, ಕಣ್ಣು ಮುಚ್ಚಿ ಅಲ್ಲೇ ಕೂತೆ.

ಸದ್ದಾಗಲಿಲ್ಲ. ಕಣ್ಣು ತೆರೆದಾಗ ಮಲಂಗಸಾಬ ತಂತಿ ಕೆಳಗಿಟ್ಟು ಕಲ್ಲಿನ ಮರೆಯಿಂದ ಎದ್ದು ನಿಂತಿದ್ದ.

"ಬುಟ್ಟಿ ಎಲ್ಲಾ ಅಲ್ಲೇ ಬಿಟ್ಟಬಂದಾರ ನೋಡ್ರಿ, ಭಾಡ್ಯಾಗಳು," ಎಂದು ಗೊಣಗುತ್ತ ಬೋರವ್ವ ಮೆಟ್ಟಿಲು ಹತ್ತಿ ಬಂದಳು. ದಂಡೆಯ ಮೇಲೆ ಅತ್ತಿತ್ತ ನೋಡಿದಳು. "ನಮ್ಮವ ಎಲ್ಲಿ ಹೋದೂ? ಇವು ಯಾರವ್ರಿ?"

ಸಿದ್ದರಾಯ ಬಂಡಿಯ ಗಾಲಿ ಹಿಡಿದು ಅಳುತ್ತಿದ್ದ.

"ನಿನ್ನವಽ ಬೇ," ಎಂದೆ. "ಲಗೂನ ಮೆಟ್ಟಗೊಂಡ ದೂರ ಹೋಗು."